ಪೆಡಲಿನ ಕೆಳಗೊಂದು ಪಕ್ಕಾಸಿನ ತುಂಡು

ಒಂದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ರಬ್ಬರಿನ ಬಟ್ಟಲೊಂದನ್ನು ಕಟಪಾಡಿಯ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ನನ್ನ ಅಂಗೈಯಲ್ಲಿಟ್ಟು, ‘ಇದರ ಅಂಚನ್ನು ಉಗುರಿನಲ್ಲಿ ಸವರಿ ನೋಡಿ ಮಾಸ್ಟ್ರೆ’ ಎಂದರು. ಸವರಿದೆ. ಅಂಚಿನ ಬಹುಭಾಗ ಹೊಸದರಂತೆ ನುಣುಪಾಗಿತ್ತು. ಒಂದು ಬದಿಯಲ್ಲಿ ಮಾತ್ರ ಉಗುರು ಎರಡು ಕಡೆ ತಡೆಯಿತು. ಬೆಳಕಿಗೆ ಹಿಡಿದಾಗ ಕಂಡದ್ದು ಕೂದಲೆಳೆಯಷ್ಟು ಸಪೂರದ ಎರಡು ಸೀಳು. ‘ನಿಮ್ಮ ಮಾಸ್ಟರ್ ಹೋದದ್ದು ಇಷ್ಟಕ್ಕೇ’ ಎಂದು ಅವರು ನಕ್ಕರು. ಅವರು ಹೇಳಿದ್ದು ನನ್ನ ಕಾರಿನ ಬ್ರೇಕಿನ ಮಾಸ್ಟರ್ ಸಿಲಿಂಡರಿನ ಬಗ್ಗೆ, ಆದರೆ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಆ ಮಾತು ಎರಡು ಅರ್ಥದಲ್ಲಿ ಕೇಳಿಸಿತು.

ಇದು 2011ರ ಮೇ ತಿಂಗಳ ಮಾತು. ತಂದೆಯವರು ಬಿಟ್ಟುಹೋದ 1999ರ ಮಾರುತಿ 800 ಆಗ ನಮ್ಮ ಮನೆಯ ಏಕೈಕ ಕಾರು. ಅದರ ಹಿಂದಿನ ಎಡ ಚಕ್ರದ ಡ್ರಮ್ಮಿನೊಳಗೆ ದ್ರವದ ಒತ್ತಡದಿಂದ ಆ ಚಕ್ರದ ಬ್ರೇಕ್ ಹಿಡಿಸುವ ವೀಲ್ ಸಿಲಿಂಡರ್ ಸೋರುತ್ತಿತ್ತು. ಮಳೆ ಹಿಡಿಯುವ ಮೊದಲು ಅದನ್ನು ನಾನೇ ಬದಲಿಸಬೇಕೆಂಬ ಹುರುಪಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಜಾಕ್ ಕೊಟ್ಟು ಕುಳಿತೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವ ತನಕ ಯಾವ ತೊಡಕೂ ಆಗಲಿಲ್ಲ. ಕೊಳವೆ ಬಿಚ್ಚಿದ ಮೇಲೆ ಒಳಗೆ ಗಾಳಿ ಸೇರಿರುವುದು ಸಹಜವಾದ್ದರಿಂದ, ಇನ್ನು ನಮ್ಮ ಕಡೆಯವರು ‘ಏರ್ ತೆಗೆಯುವುದು’ ಎಂದು ಕರೆಯುವ ಕೆಲಸವಷ್ಟೇ ಉಳಿದಿತ್ತು. ಅದಕ್ಕೆ ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲನ್ನು, ಎಂದರೆ ದ್ರವವನ್ನೂ ಗಾಳಿಯನ್ನೂ ಹೊರಬಿಡುವ ಟೊಳ್ಳು ತಿರುಪನ್ನು, ಬಿಚ್ಚಿ ಮುಚ್ಚಬೇಕು. ರಜೆಗೆ ಬಂದಿದ್ದ ಅಕ್ಕನ ಮಗ ಪೆಡಲಿನ ಬಳಿ ಕುಳಿತ. ನಾನು ‘ಒತ್ತು’ ಎಂದಾಗ ಒತ್ತಬೇಕು, ‘ಬಿಡು’ ಎನ್ನುವ ತನಕ ಕಾಲು ತೆಗೆಯಬಾರದು ಎಂಬುದಷ್ಟೇ ನಾನು ಅವನಿಗೆ ಹೇಳಿಕೊಟ್ಟ ಪಾಠ.

ಹದಿನೇಳರ ಹುಡುಗನ ಕಾಲು ಅದು. ನಾನು ನಿಪ್ಪಲ್ ಸಡಿಲಿಸಿದೊಡನೆ ಪೆಡಲ್ ಧಡ್ ಎಂದು ನೆಲಕ್ಕೆ ಬಡಿಯುತ್ತಿತ್ತು, ನಿಪ್ಪಲಿಗೆ ಸಿಕ್ಕಿಸಿದ ನಳಿಗೆಯಲ್ಲಿ ಗುಳ್ಳೆಗಳೊಂದಿಗೆ ಕಂದು ದ್ರವ ಚಿಮ್ಮುತ್ತಿತ್ತು, ‘ಮಾವ, ಅಡಿ ಮುಟ್ಟಿತು’ ಎಂದು ಅವನು ಸಂಭ್ರಮದಿಂದ ಕೂಗುತ್ತಿದ್ದ. ನನಗೂ ಅದು ಒಳ್ಳೆಯ ಲಕ್ಷಣವಾಗಿಯೇ ಕಂಡಿತು. ನಾಲ್ಕು ಚಕ್ರಗಳಿಗೂ ಸೇರಿ ಅವನು ಐವತ್ತು ಅರುವತ್ತು ಬಾರಿ ಹೀಗೆ ನೆಲ ಮುಟ್ಟಿಸಿರಬೇಕು. ಕೊನೆಗೆ ಪೆಡಲ್ ಗಟ್ಟಿಯಾಗಿ ನಿಂತಿತು, ನಾವಿಬ್ಬರೂ ಮೀನುಸಾರು ಉಂಡು ಮಲಗಿದೆವು.

ಅದರ ಮರುವಾರ, ಮಣಿಪಾಲದಿಂದ ಉಡುಪಿಗೆ ಇಳಿದು ಬರುವಾಗ ಇಂದ್ರಾಳಿಯ ಹತ್ತಿರ ವಾಹನಗಳ ಸಾಲು ನಿಂತಿತ್ತು. ನಾನೂ ನಿಲ್ಲಿಸಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇದ್ದೆ. ನಿಧಾನವಾಗಿ, ಗದ್ದೆಯ ಕೆಸರಿನಲ್ಲಿ ಕಾಲು ಹೂತುಹೋಗುವ ಹಾಗೆ, ಪೆಡಲ್ ನನ್ನ ಕಾಲಿನ ಅಡಿಯಲ್ಲಿ ತಗ್ಗತೊಡಗಿತು. ಕಾರು ಅಂಗುಲ ಅಂಗುಲವಾಗಿ ಮುಂದಿನ ಸ್ಕೂಟರಿನತ್ತ ಜಾರುತ್ತಿರುವುದು ಅರಿವಿಗೆ ಬರಲು ಎರಡು ಕ್ಷಣ ಬೇಕಾಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಪೆಡಲನ್ನು ಎರಡು ಸಲ ಬೇಗಬೇಗನೆ ಪಂಪ್ ಮಾಡಿದೆ, ಅದು ಮತ್ತೆ ಮೇಲೆ ಬಂದು ಗಟ್ಟಿಯಾಯಿತು. ಮನೆಗೆ ಬಂದು ನಾಲ್ಕೂ ಚಕ್ರಗಳ ಬಳಿ ಮಂಡಿಯೂರಿ ಹುಡುಕಿದರೆ ಎಲ್ಲಿಯೂ ಒಂದು ಹನಿ ಸೋರಿಕೆ ಇರಲಿಲ್ಲ. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ದ್ರವದ ಮಟ್ಟವೂ ಕೂದಲಷ್ಟು ಇಳಿದಿರಲಿಲ್ಲ.

ಹೊರಗೆ ಸೋರದೆ ಪೆಡಲ್ ಇಳಿಯುತ್ತದೆಂದರೆ ಸೋರಿಕೆ ಒಳಗೇ ಇದೆ ಎಂದರ್ಥ. ಪಾಸ್ಕಲ್‌ನ ನಿಯಮವನ್ನು ಕರಿಹಲಗೆಯ ಮೇಲೆ ನಾನು ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಆ ನಿಯಮದಲ್ಲಿ ‘ಮುಚ್ಚಿದ’ ಎಂಬ ಪದದ ಭಾರ ಎಷ್ಟೆಂಬುದು ನನಗೆ ಇಂದ್ರಾಳಿಯ ಇಳಿಜಾರಿನ ತನಕ ತಿಳಿದಿರಲಿಲ್ಲ. ಕಾರಿನಲ್ಲಿ ಆ ಮುಚ್ಚುವಿಕೆಯನ್ನು ನೋಡಿಕೊಳ್ಳುವುದು ಇಂತಹ ಕೆಲವೇ ರಬ್ಬರ್ ಬಟ್ಟಲುಗಳು. ಗ್ಯಾರೇಜಿನವರು ಇವನ್ನು ಕಪ್ ಎಂದೇ ಕರೆಯುತ್ತಾರೆ. ಮಾಸ್ಟರ್ ಸಿಲಿಂಡರ್ ಎಂದರೆ ಎಂಜಿನ್ನಿನ ಹಿಂಗೋಡೆಯ ಬಳಿ ಮಲಗಿರುವ, ಒಳಗೆ ಕನ್ನಡಿಯಂತೆ ನುಣುಪಾಗಿ ಕೊರೆದ ಒಂದು ಲೋಹದ ಕೊಳವೆ. ಅದರೊಳಗೆ ಒಂದರ ಮುಂದೊಂದರಂತೆ ಎರಡು ಪಿಸ್ಟನ್‌ಗಳು, ಅವುಗಳ ಮೇಲೆ ಈ ಕಪ್‌ಗಳು. ಪೆಡಲ್ ಒತ್ತಿದಾಗ ಕಪ್ಪಿನ ತುಟಿ ದ್ರವದ ಒತ್ತಡಕ್ಕೆ ಅರಳಿ ಕೊಳವೆಯ ಗೋಡೆಗೆ ಅಂಟಿಕೊಂಡು ಮುಂದೆ ಸಾಗುತ್ತದೆ, ಬಿಟ್ಟಾಗ ತುಸು ಮಡಚಿಕೊಂಡು ಹಿಂದೆ ಬರುತ್ತದೆ. ಆ ತುಟಿಯಲ್ಲಿ ಸೀಳು ಬಿದ್ದರೆ ಒತ್ತಡದಲ್ಲಿರುವ ದ್ರವ ಆ ಸಂದಿಯಿಂದ ನುಸುಳಿ ಹಿಂದಕ್ಕೆ, ಡಬ್ಬಿಯ ಕಡೆಗೇ ಮರಳುತ್ತದೆ. ಆದ್ದರಿಂದಲೇ ಹೊರಗೆ ಹನಿಯಿಲ್ಲ. ಜೋರಾಗಿ ಒಮ್ಮೆಲೇ ಒತ್ತಿದರೆ ನಿಲ್ಲುವ ಪೆಡಲ್, ಮೆತ್ತಗೆ ಒತ್ತಿ ಹಿಡಿದಾಗ ಇಳಿಯುವುದೂ ಇದರಿಂದಲೇ.

ಸೀಳು ಬಂದದ್ದು ಹೇಗೆ ಎಂದು ಕೇಳಿದೆ. ಮೆಕ್ಯಾನಿಕ್ ಉತ್ತರ ಕೊಡಲಿಲ್ಲ. ಬಿಚ್ಚಿದ ಸಿಲಿಂಡರನ್ನು ಬಟ್ಟೆಯಲ್ಲಿ ಒರೆಸಿ, ತೆರೆದ ತುದಿಗೆ ಟಾರ್ಚ್ ಹಿಡಿದು, ಒಳಗೆ ನೋಡುವಂತೆ ಹೇಳಿದರು. ಪ್ರತಿ ಕಪ್ಪಿನ ದಾರಿಯಲ್ಲೂ ಹಿಂಭಾಗದಿಂದ ಸುಮಾರು ಅರ್ಧದಷ್ಟು ದೂರ ಕೊಳವೆ ಫಳಫಳ ಹೊಳೆಯುತ್ತಿತ್ತು. ಅಲ್ಲಿ ಗೆರೆ ಎಳೆದಂತೆ ಹೊಳಪು ನಿಂತುಹೋಗಿ, ಮುಂದೆ ಕಂದು ಬಣ್ಣದ ಅಂಟು, ಅದರ ನಡುನಡುವೆ ಸಾಸಿವೆಯಷ್ಟು ಸಣ್ಣ ಕುಳಿಗಳು. ಹನ್ನೆರಡು ವರ್ಷ ದಿನನಿತ್ಯದ ಓಡಾಟದಲ್ಲಿ ಕಪ್ ಹೋಗಿಬಂದದ್ದು ಆ ಹೊಳೆಯುವ ಭಾಗದಲ್ಲಿ ಮಾತ್ರ. ಚಕ್ರಗಳ ಕಡೆಯಿಂದ ಒತ್ತಡ ಎದುರಾಗುವುದರಿಂದ ಪೆಡಲ್ ಮಧ್ಯದಲ್ಲೇ ನಿಲ್ಲುತ್ತದೆ, ಕಪ್ ಅದರಾಚೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ನಿಪ್ಪಲ್ ಬಿಚ್ಚಿದಾಗ ಆ ಎದುರೊತ್ತಡ ಇಲ್ಲವಾಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ. ಕಪ್ ಹನ್ನೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಕುಳಿಗಳ ಮೇಲೆ ಉಜ್ಜಿಕೊಂಡು ಹೋಗುತ್ತದೆ, ಅದೂ ಒಂದೇ ಬೆಳಿಗ್ಗೆ ಐವತ್ತು ಅರುವತ್ತು ಬಾರಿ.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಅಂಗಳದ ಯಾವ ಭಾಗ ಜಾರುತ್ತದೆ? ಬಾವಿಕಟ್ಟೆಗೆ ದಿನಕ್ಕೆ ಹತ್ತು ಬಾರಿ ನಡೆಯುವ ದಾರಿ ಜಾರುವುದಿಲ್ಲ, ಕಾಲಿನ ಸವೆತಕ್ಕೆ ಅಲ್ಲಿ ಪಾಚಿ ಹಿಡಿಯುವುದೇ ಇಲ್ಲ. ಯಾರೂ ಹೋಗದ ಮೂಲೆಗೆ ಯಾವುದೋ ಕಾರಣಕ್ಕೆ ಅವಸರದಲ್ಲಿ ಓಡಿದವನು ಬೀಳುತ್ತಾನೆ.

ಆ ಕುಳಿಗಳಿಗೆ ಕಾರಣ ನೀರು. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜಕ್ಕೂ ಎಣ್ಣೆಯಲ್ಲ, ಗ್ಲೈಕಾಲ್ ಈಥರ್ ವರ್ಗದ ರಾಸಾಯನಿಕಗಳ ಮಿಶ್ರಣ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಡಬ್ಬಿಯ ಮುಚ್ಚಳದ ಮೂಲಕ, ರಬ್ಬರ್ ಹೋಸ್‌ಗಳ ಗೋಡೆಯ ಮೂಲಕವೂ ತೇವ ಸ್ವಲ್ಪಸ್ವಲ್ಪವಾಗಿ ಒಳ ಸೇರುತ್ತದೆ. ಬ್ರೇಕ್ ದ್ರವದ ದರ್ಜೆಗಳಲ್ಲಿ ಒಂದಾದ ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ದ್ರವದಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಒತ್ತಿಕೊಂಡೇ ಇಳಿಯುವವರು ಈ ಅಂಕಿಗಳನ್ನು ನೆನಪಿಡುವುದು ಒಳ್ಳೆಯದು, ಏಕೆಂದರೆ ಕುದಿದ ದ್ರವ ಆವಿಯಾಗುತ್ತದೆ, ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಅದು ಘಾಟಿಯ ಅಪಾಯವಾದರೆ, ಗಟ್ಟದ ಕೆಳಗೆ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ನಮ್ಮ ತೀರದಲ್ಲಿ, ಅದೇ ನೀರು ಸದ್ದಿಲ್ಲದೆ ಲೋಹವನ್ನು ತಿನ್ನುತ್ತದೆ. ಎರಕದ ಕಬ್ಬಿಣದ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಕುಳಿ ಬೀಳುತ್ತದೆ. ಕಪ್ ಸವರಿ ಹೋಗುವ ಭಾಗ ಶುಚಿಯಾಗಿ ಉಳಿಯುತ್ತದೆ, ಸವರದ ಭಾಗದಲ್ಲಿ ಕೊಳೆ ಮನೆ ಮಾಡುತ್ತದೆ. ನನ್ನ ಕಾರಿನ ದ್ರವವನ್ನು ಕೊನೆಯ ಬಾರಿ ಪೂರ್ತಿ ಬದಲಿಸಿದ್ದು ಯಾವಾಗ ಎಂದು ಮೆಕ್ಯಾನಿಕ್ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮಟ್ಟ ಇಳಿದಾಗ ಮೇಲಿನಿಂದ ಸುರಿದದ್ದು ಬಿಟ್ಟರೆ ಬದಲಿಸಿದ್ದೇ ಇಲ್ಲ.

ಇನ್ನು ಪಕ್ಕಾಸಿನ, ಎಂದರೆ ಮಾಡನ್ನು ಹೊರುವ ಮರದ ಪಟ್ಟಿಯ ವಿಚಾರ. ಹೊಸ ಸಿಲಿಂಡರ್ ಕೂರಿಸಿ ಕಾರು ಒಪ್ಪಿಸುವಾಗ ಮೆಕ್ಯಾನಿಕ್, ‘ಇನ್ನು ಮನೆಯಲ್ಲಿ ಏರ್ ತೆಗೆಯುವುದಿದ್ದರೆ ಪೆಡಲಿನ ಅಡಿಗೆ ಒಂದು ಮರದ ತುಂಡು ಇಡಿ, ಕಾಲಿಗೆ ಬುದ್ಧಿ ಇಲ್ಲ, ಮರಕ್ಕೆ ಇದೆ’ ಎಂದಿದ್ದರು. ಹಳೆಯ ಹಂಚಿನ ಮಾಡನ್ನು ಬಿಚ್ಚಿದಾಗ ಉಳಿದಿದ್ದ ತೆಂಗಿನ ಪಕ್ಕಾಸಿನಿಂದ ನಾನೊಂದು ತುಂಡು ಕತ್ತರಿಸಿಕೊಂಡೆ. ಅದರ ಎತ್ತರ ಎಷ್ಟಿರಬೇಕು ಎಂಬುದಕ್ಕೆ ಸಿದ್ಧ ಲೆಕ್ಕವಿಲ್ಲ, ಪ್ರತಿ ಕಾರಿಗೂ ಅಳೆಯಬೇಕು. ಯಾವುದನ್ನೂ ಬಿಚ್ಚುವ ಮೊದಲು, ಬ್ರೇಕ್ ಸರಿಯಾಗಿರುವಾಗಲೇ, ಕಾಲಡಿಯ ಮ್ಯಾಟ್ ತೆಗೆದು, ಎಂಜಿನ್ ಚಾಲೂ ಇಟ್ಟು, ಪೆಡಲನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಆಗ ಪೆಡಲಿಗೂ ನೆಲಕ್ಕೂ ನಡುವೆ ಉಳಿಯುವ ಅಂತರವನ್ನು ಸ್ಕೇಲಿನಲ್ಲಿ ಅಳೆಯಬೇಕು. ನನ್ನ ಕಾರಿನಲ್ಲಿ ಆ ಅಂತರ 7 ಸೆಂಟಿಮೀಟರ್ ಬಂತು, ನಾನು 6 ಸೆಂಟಿಮೀಟರಿನ ತುಂಡು ಇಟ್ಟೆ. ಹೀಗೆ ಮಾಡಿದರೆ ಕಪ್ ತಾನು ದಿನವೂ ನಡೆಯುವ ದಾರಿಯಿಂದ ಹೆಚ್ಚು ದೂರ ಹೋಗುವುದಿಲ್ಲ. ಪ್ರತಿ ಒತ್ತಿನಲ್ಲಿ ಹೊರಬರುವ ದ್ರವ ಕಡಿಮೆಯಾಗುತ್ತದೆ, ಹಾಗಾಗಿ ಹತ್ತು ಬಾರಿ ಒತ್ತುವಲ್ಲಿ ಇಪ್ಪತ್ತು ಬಾರಿ ಒತ್ತಬೇಕಾಗುತ್ತದೆ. ನಷ್ಟ ಅಷ್ಟೇ. ತುಂಡು ಪಕ್ಕಕ್ಕೆ ಜಾರದಂತೆ ಅದರ ತಳಕ್ಕೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಮೊಳೆ ಹೊಡೆದಿದ್ದೇನೆ. ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಂದ ತೆಗೆಯಲು ಮರೆತರೆ ಆಗುವ ಅನಾಹುತ ದೊಡ್ಡದಾದ್ದರಿಂದ, ಕಾರಿನ ಕೀಲಿಯನ್ನು ಆ ತುಂಡಿಗೇ ದಾರದಲ್ಲಿ ಕಟ್ಟಿಡುವುದು ನನ್ನ ರೂಢಿ.

ಒತ್ತುವ ರೀತಿಯೂ ಮುಖ್ಯ. ನಿಪ್ಪಲ್ ಸಡಿಲವಾಗುವಾಗ ಪೆಡಲ್ ದಡಕ್ಕನೆ ಬೀಳಲು ಬಿಡದೆ, ಕಾಲಿನ ಭಾರವನ್ನು ತಡೆದುಕೊಂಡು ಇಳಿಸಬೇಕು. ಪೆಡಲ್ ಕೆಳಗಿರುವಾಗಲೇ ನಿಪ್ಪಲ್ ಮುಚ್ಚಬೇಕು. ಮುಚ್ಚಿದ್ದೇನೆ ಎಂದು ಚಕ್ರದ ಬಳಿ ಕುಳಿತವರು ಹೇಳಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವಾದರೆ ಬಿಟ್ಟ ಗಾಳಿ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ನಳಿಗೆಯ ಇನ್ನೊಂದು ತುದಿ ಬಾಟಲಿಯಲ್ಲಿರುವ ಹೊಸ ದ್ರವದಲ್ಲಿ ಮುಳುಗಿರಬೇಕು. ಮಲ್ಪೆಯ ಕಡೆಯ ಉಪ್ಪುಗಾಳಿಗೂ, ಹೆದ್ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿಸುತ್ತ ಹೋಗುವ ಮೀನಿನ ಲಾರಿಗಳಿಗೂ ನಮಸ್ಕಾರ. ಅವುಗಳ ಕೃಪೆಯಿಂದ ನಮ್ಮಲ್ಲಿ ನಿಪ್ಪಲ್‌ಗಳು ತುಕ್ಕು ಹಿಡಿದು ಕೂತಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ದ್ರವವನ್ನು ಹೊರಭಾಗಕ್ಕೆ ಸ್ವಲ್ಪ ಹಾಕಿಟ್ಟು, ಬೆಳಿಗ್ಗೆ ರಿಂಗ್ ಸ್ಪ್ಯಾನರಿನಿಂದಲೇ ತಿರುಗಿಸಬೇಕು. ತೆರೆದ ಬಾಯಿಯ ಸ್ಪ್ಯಾನರ್ ಹಾಕಿ ಮೂಲೆ ಸವೆಸಿಕೊಂಡವರ ಪಾಡು ಬೇಡ.

ಪೆಡಲನ್ನೇ ಮುಟ್ಟದ ಉಪಾಯಗಳೂ ಇವೆ. ನಿಪ್ಪಲ್ ಬಿಚ್ಚಿಟ್ಟು ದ್ರವ ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುವಂತೆ ಬಿಡುವುದು ಒಂದು. ಇದಕ್ಕೆ ತಾಳ್ಮೆ ಬೇಕು. ನಿಪ್ಪಲಿನ ಕಡೆಯಿಂದ ಕೈಪಂಪಿನಲ್ಲಿ ಹೀರುವುದು ಇನ್ನೊಂದು. ಮೇಲಿನ ಡಬ್ಬಿಗೆ ಗಾಳಿಯ ಒತ್ತಡ ಕೊಟ್ಟು ತಳ್ಳುವುದು ಮೂರನೆಯದು. ಅದರಲ್ಲಿ ಒಂದು ಬಾರ್‌ಗಿಂತ ಹೆಚ್ಚು ಒತ್ತಡ ಕೊಟ್ಟರೆ ಹಳೆಯ ಪ್ಲಾಸ್ಟಿಕ್ ಡಬ್ಬಿ ಬಿರಿಯಬಹುದು. ಒಬ್ಬನೇ ಇದ್ದಾಗ ನಾನು ಮೊದಲನೆಯದನ್ನು ಮಾಡುತ್ತೇನೆ, ಚಹಾ ಕುಡಿಯುತ್ತ, ಐದು ನಿಮಿಷಕ್ಕೊಮ್ಮೆ ಡಬ್ಬಿಯ ಮಟ್ಟ ನೋಡುತ್ತ. ಯಾವ ವಿಧಾನದಲ್ಲಾದರೂ ಡಬ್ಬಿ ಬರಿದಾಗಲು ಬಿಟ್ಟರೆ ಮಾಸ್ಟರಿನೊಳಗೇ ಗಾಳಿ ಸೇರಿ, ಅರ್ಧ ದಿನದ ಕೆಲಸ ಮತ್ತೆ ಮೊದಲಿಗೆ ಬರುತ್ತದೆ. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಕಾರುಗಳಲ್ಲಿ ಆ ಗಾಳಿ ಒಳಗಿನ ಕವಾಟಗಳಲ್ಲಿ ಸಿಲುಕಿದರೆ ಅದನ್ನು ತೆಗೆಯಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕಾಗಬಹುದು, ಆಗ ಅಂಗಳದ ಕೆಲಸ ಗ್ಯಾರೇಜಿಗೇ ಹೋಗಬೇಕು.

ಈ ಮರದ ತುಂಡಿನ ಬಗ್ಗೆ ಒಂದು ಆಕ್ಷೇಪವನ್ನು ನಾನು ಬಹುಕಾಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಪೂರ್ತಿ ಒತ್ತಿದರೆ ಹರಿದುಹೋಗುವಷ್ಟು ಹಾಳಾದ ಸಿಲಿಂಡರನ್ನು ಹುಷಾರಾಗಿ ಅರ್ಧವೇ ಒತ್ತಿ ಕಾಪಾಡುವುದರಲ್ಲಿ ಅರ್ಥವೇನು? ರೋಗ ಅಂಗಳದಲ್ಲಿ ಬಯಲಾಗುವುದು ಲೇಸೋ, ಘಾಟಿಯಲ್ಲಿ ಬಯಲಾಗುವುದೋ? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಮಾಸ್ಟರಿನಲ್ಲಿ ಎರಡು ಪಿಸ್ಟನ್‌ಗಳನ್ನು ಇಟ್ಟಿರುವುದೇ ಒಂದು ಸಾಲಿನ ಕೊಳವೆ ಒಡೆದರೂ ಇನ್ನೊಂದು ಸಾಲಿನ ಚಕ್ರಗಳು ನಿಲ್ಲಲಿ ಎಂದು. ಅಮೆರಿಕದಲ್ಲಿ 1968ರಿಂದ ಕಾರುಗಳಿಗೆ ಇದು ಕಡ್ಡಾಯವಾಯಿತು. ಹಾಗೆ ಒಂದು ಸಾಲು ಕೈಕೊಟ್ಟ ಗಳಿಗೆಯಲ್ಲಿ ಪೆಡಲ್ ಎಂದಿಗಿಂತ ತುಂಬ ಆಳಕ್ಕೆ ಹೋದ ಮೇಲೆಯೇ ಉಳಿದ ಸಾಲು ಹಿಡಿಯುವುದು. ಅಂದರೆ ಕೊಳವೆಯ ಆ ಬಳಸದ ಭಾಗ ವ್ಯರ್ಥ ಜಾಗವಲ್ಲ, ಆಪತ್ತಿಗೆಂದು ಮೀಸಲಿಟ್ಟದ್ದು. ಅಲ್ಲಿಯೇ ಕುಳಿ ಬಿದ್ದಿದ್ದರೆ, ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿ ಕಪ್ ಸೀಳಬಹುದು.

ಹಾಗೆಂದು ನಾನು ತುಂಡನ್ನು ಎಸೆದಿಲ್ಲ. ಅಂಗಳದಲ್ಲಿ ಹುಟ್ಟಿದ ಸೀಳು ಅಂಗಳದಲ್ಲೇ ಕಾಣುತ್ತದೆ ಎಂಬ ಭರವಸೆ ಇಲ್ಲ ಎಂಬುದಕ್ಕೆ ನನ್ನ ಕಾರೇ ಸಾಕ್ಷಿ. ಅದು ಒಂದು ವಾರ ಸುಮ್ಮನಿದ್ದು ಇಂದ್ರಾಳಿಯಲ್ಲಿ ಬಾಯಿಬಿಟ್ಟಿತು. ಇತಿಹಾಸ ತಿಳಿಯದ ಹಳೆಯ ಕಾರಾದರೆ, ದ್ರವ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ನಾನು ಮಾಸ್ಟರನ್ನು ಬಿಚ್ಚಿ ಒಳಗೆ ನೋಡಿಸುವ ಪಕ್ಷದವನು. ಕುಳಿ ಕಂಡರೆ ರಬ್ಬರ್ ಭಾಗಗಳ ಕಿಟ್ ತಂದು ಹೊಸ ಕಪ್ ಕೂರಿಸುವುದರಿಂದ ಪ್ರಯೋಜನವಿಲ್ಲ, ಇಡೀ ಸಿಲಿಂಡರನ್ನೇ ಬದಲಿಸಬೇಕು. ಅಲ್ಯೂಮಿನಿಯಂ ಕೊಳವೆಯನ್ನು ಉಜ್ಜಿ ನಯ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬಾರದು, ಉಜ್ಜಿದರೆ ಒಳಮೈಯ ಗಟ್ಟಿ ಪದರವೇ ಹೋಗುತ್ತದೆ. ಹೊಸ ಸಿಲಿಂಡರ್ ಹಾಕಿದ ಕಾರಿನಲ್ಲಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸುತ್ತ ಬಂದರೆ ಆ ಮೀಸಲು ಭಾಗವೂ ಶುಚಿಯಾಗಿಯೇ ಉಳಿಯುತ್ತದೆ, ಪೆಡಲ್ ಒಮ್ಮೆ ನೆಲ ಮುಟ್ಟಿದರೂ ಹೆದರಬೇಕಾಗಿಲ್ಲ. ಮರದ ತುಂಡು ಆ ನಡುವಿನ ಕಾಲಕ್ಕೆ.

ಮಾಸ್ಟರಿಗೆ ಕೇಡು ಬರುವ ಇನ್ನೆರಡು ದಾರಿಗಳನ್ನೂ ಹೇಳಿಬಿಡುತ್ತೇನೆ. ಮುಂದಿನ ಚಕ್ರಗಳಿಗೆ ಹೊಸ ಪ್ಯಾಡ್ ಹಾಕುವಾಗ, ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿಸ್ಟನನ್ನು ಒಳಗೆ ತಳ್ಳುತ್ತಾರಲ್ಲ, ಆಗ ಅಲ್ಲಿ ತಂಗಿದ್ದ ಕೊಳೆ ದ್ರವ ಹಿಮ್ಮುಖವಾಗಿ ಮಾಸ್ಟರಿನತ್ತ ಹೋಗುತ್ತದೆ. ನಿಪ್ಪಲ್ ತೆರೆದು ಅದನ್ನು ಹೊರಕ್ಕೆ ಬಿಟ್ಟುಕೊಂಡೇ ತಳ್ಳಬೇಕು. ಇನ್ನೊಂದು, ‘ಆಯಿಲ್’ ಎಂಬ ಹೆಸರಿನಿಂದ ಹುಟ್ಟುವ ಅನರ್ಥ. ದ್ರವ ಕಡಿಮೆಯಿದೆ ಎಂದು ಕೈಗೆ ಸಿಕ್ಕಿದ ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಒಂದು ಮುಚ್ಚಳದಷ್ಟು ಸುರಿದರೂ ಸಾಕು, ಪೆಟ್ರೋಲಿಯಂ ಎಣ್ಣೆ ತಾಗಿದ ಬ್ರೇಕಿನ ರಬ್ಬರ್ ನೆನೆದ ಕಡಲೆಯಂತೆ ಉಬ್ಬುತ್ತದೆ. ಉಬ್ಬಿದ ಕಪ್, ದ್ರವ ಹಿಂತಿರುಗಲೆಂದು ಇರುವ ಸೂಜಿಮೊನೆಯಷ್ಟು ಸಣ್ಣ ರಂಧ್ರವನ್ನು ಮುಚ್ಚಿಬಿಟ್ಟರೆ ಚಕ್ರಗಳು ಬ್ರೇಕ್ ಹಿಡಿದೇ ಉರುಳುತ್ತವೆ. ಆಗ ಮಾಸ್ಟರಿನಿಂದ ಚಕ್ರದ ತನಕ ಇರುವ ಎಲ್ಲ ರಬ್ಬರನ್ನೂ ಬದಲಿಸುವುದೊಂದೇ ದಾರಿ.

ಮೊನ್ನೆ ಮೇ ತಿಂಗಳಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ತನ್ನ ಕಾರಿನಲ್ಲಿ ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ದ್ರವ ಚಹಾದ ಬಣ್ಣಕ್ಕಿತ್ತು. ಈ ಸಲ ಅವನು ಚಕ್ರದ ಬಳಿ ಕುಳಿತ, ನಾನು ಪೆಡಲಿನ ಬಳಿ. ಮೊದಲು ಔಷಧಿ ಅಂಗಡಿಯಿಂದ ತಂದ ದೊಡ್ಡ ಸಿರಿಂಜಿನಲ್ಲಿ ಡಬ್ಬಿಯ ಹಳೆಯ ದ್ರವವನ್ನೆಲ್ಲ ಹೀರಿ ತೆಗೆದು, ಅವನ ಕಾರಿಗೆ ಹೇಳಿದ ಡಾಟ್ 4ರ ಸೀಲ್ ಒಡೆಯದ ಹೊಸ ಡಬ್ಬಿಯಿಂದ ತುಂಬಿಸಿದೆವು. ತಯಾರಕರ ಪುಸ್ತಕದಲ್ಲಿದ್ದ ಕ್ರಮದಂತೆ ಒಂದೊಂದೇ ಚಕ್ರ ಮುಗಿಸುತ್ತ ಬಂದೆವು. ಅವನ ಕಾರಿನ ಪೆಡಲ್ ನನ್ನದಕ್ಕಿಂತ ತಗ್ಗಿನಲ್ಲಿ ನಿಲ್ಲುವುದರಿಂದ ಪಕ್ಕಾಸಿನ ತುಂಡನ್ನು ಮಗುಚಿ ಅಡ್ಡವಾಗಿ ಇಡಬೇಕಾಯಿತು. ಆ ಮಗ್ಗುಲಿನ ಎತ್ತರ 4 ಸೆಂಟಿಮೀಟರ್ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಎಲ್ಲ ಮುಗಿದು, ತುಂಡು ತೆಗೆದು, ಎಂಜಿನ್ ಚಾಲೂ ಮಾಡಿ, ಪೆಡಲನ್ನು ಮೆತ್ತಗೆ ಒತ್ತಿ ಹಿಡಿದು ಗಡಿಯಾರ ನೋಡುತ್ತ ಕುಳಿತೆ. ಒಂದು ನಿಮಿಷವಾಯಿತು, ಎರಡಾಯಿತು. ‘ಮಾವ, ಇಳಿಯಿತಾ?’ ಎಂದು ಕಿಟಕಿಯ ಬಳಿ ನಿಂತು ಕೇಳಿದ. ಇಲ್ಲ ಎಂದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ, ಜಗಲಿಯ ಕೆಂಪು ಕಾವಿಯ ಮೇಲೆ ಯಾರದೋ ಕೈಯಿಂದ ತೊಟ್ಟಿಕ್ಕಿದ ಬ್ರೇಕ್ ಆಯಿಲಿನ ಕಲೆಯನ್ನು ತೋರಿಸಿ ಕರೆದಳು, ನಾವಿಬ್ಬರೂ ಕೊಡದಲ್ಲಿ ನೀರು ಹಿಡಿದುಕೊಂಡು ಓಡಿದೆವು.